ಅಜ್ಜಿಯ ಜೇನು, ನಮ್ಮ ಕಾಲು

(ಗದಗಿನಲ್ಲಿ ಒಂದು ಸಂಜೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮತ್ತು ಹಿರಿಯರ ಮುಂದೆ ಆಡಿದ ಮಾತು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹಿಡಿದಿದ್ದರೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ನಾನು ಡಾಕ್ಟರ್ ಅಲ್ಲ, ನರ್ಸ್. 31 ವರ್ಷ ಕೆಲಸ ಮಾಡಿದೆ. ಕೆಲವು ವರ್ಷ ಹುಬ್ಬಳ್ಳಿಯಲ್ಲಿ, ಕೆಲವು ವರ್ಷ ಹಾವೇರಿ ಕಡೆ, ಉಳಿದದ್ದೆಲ್ಲ ಇಲ್ಲೇ ಗದಗಿನಲ್ಲಿ. ಅದರಲ್ಲಿ 19 ವರ್ಷ ಡ್ರೆಸ್ಸಿಂಗ್ ರೂಮಿನಲ್ಲೇ ಕಳೆಯಿತು. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಮತ್ತೆ ಬಿಚ್ಚುವುದು. ಆ ಕೋಣೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಪ್ರಶ್ನೆ ಒಂದೇ.

"ಅಕ್ಕಾರ, ಮನ್ಯಾಗ ಜೇನುತುಪ್ಪ ಐತ್ರಿ. ಅದನ್ನ ಹಚ್ಚಿದ್ರ ನಡೀತೈತೇನ್ರಿ?"

ಮೊದಮೊದಲು ನಾನು 'ಬ್ಯಾಡ್ರಿ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಮಗೆ ಕಲಿಸಿದ್ದೇ ಹಾಗೆ. ಆಮೇಲೆ ಒಂದು ದಿನ ಕಂಪನಿಯವರು ಜೇನಿನದೇ ಡ್ರೆಸ್ಸಿಂಗ್ ತಂದು ತೋರಿಸಿದರು. ಟ್ಯೂಬಿನಲ್ಲಿ ತುಂಬಿದ ಜೇನು, ಸೊಳ್ಳೆಪರದೆಯಂಥ ಬಟ್ಟೆಗೆ ಸವರಿದ ಜೇನು. ಸರ್ಜನ್ ಬರೆದುಕೊಟ್ಟರು, ನಾನು ಹಚ್ಚಿದೆ. ಆಗ ಜನ ಬಿಡ್ತಾರಾ? "ನಾವು ಕೇಳಿದ್ರ ಬ್ಯಾಡ ಅಂದ್ರಿ, ಈಗ ನೀವ ಹಚ್ಚಾಕತ್ತೀರಲ್ರೀ" ಅಂದರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅದಕ್ಕೆ ಸರಿಯಾದ ಉತ್ತರ ಕೊಡಲು ನನಗೇ ಕೆಲವು ವರ್ಷ ಬೇಕಾದವು.

ಉತ್ತರ ಇಷ್ಟು. ನಮ್ಮ ಅಜ್ಜಿಯರು ಹೇಳಿದ್ದು ಸರಿ, ಜೇನು ಗಾಯಕ್ಕೆ ಒಳ್ಳೆಯದು. ಆದರೆ ಅವರ ಕೈಯಲ್ಲಿದ್ದ ಜೇನೇ ಬೇರೆ, ನಮ್ಮ ಕಪಾಟಿನ ಬಾಟಲಿಯೇ ಬೇರೆ. ಅವರು ನೋಡಿದ ಗಾಯಗಳೂ ಬೇರೆ. ಶುಗರ್ ಬಂದ ಕಾಲಿನ ಗಾಯವನ್ನು ಅವರು ಹೆಚ್ಚಾಗಿ ಕಂಡಿರಲಿಲ್ಲ. ಈಗ ಅದು ಮನೆಮನೆಯಲ್ಲಿದೆ.

ನನ್ನ ಅಜ್ಜಿಯ ಊರು ಮುಂಡರಗಿ ಕಡೆ. ನನಗೆ ಎಂಟು ವರ್ಷವಿದ್ದಾಗ ರೊಟ್ಟಿ ಹಂಚಿಗೆ ಮುಂಗೈ ತಾಗಿ ಸುಟ್ಟಿತು. ಅಜ್ಜಿ ಮೊದಲು ಕೈಯನ್ನು ತಣ್ಣೀರಿನ ಕೊಡದಲ್ಲಿ ಅದ್ದಿ ಹಿಡಿದಳು. ನಾನು ಅತ್ತು ಸುಸ್ತಾಗುವವರೆಗೂ ಬಿಡಲಿಲ್ಲ. ಸಂಜೆ ಚಿಕ್ಕಪ್ಪ ಹೊಲದ ಬದುವಿನ ಜಾಲಿ ಕಂಟಿಯಿಂದ ಕೋಲುಜೇನಿನ ಹುಟ್ಟು ತಂದ. ಅಂಗೈಯಗಲದ್ದು. ಅಜ್ಜಿ ಅದನ್ನು ಹಳೆಯ ಧೋತರದ ತುಂಡಿನಲ್ಲಿ ಹಿಂಡಿ, ನನ್ನ ಕೈ ಮೇಲೆ ತೆಳುವಾಗಿ ಹಚ್ಚಿ, ಇನ್ನೊಂದು ತುಂಡು ಸುತ್ತಿದಳು. ಚುರುಚುರು ಅಂದದ್ದು ಈಗಲೂ ನೆನಪಿದೆ. ಕಲೆ ಉಳಿದಿಲ್ಲ. ನೋಡಿ, ಇದೇ ಕೈ.

ಇದು ನಮ್ಮ ಸೀಮೆಯ ಗುಟ್ಟೇನೂ ಅಲ್ಲ. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ವೈದ್ಯರ ಬರಹವೊಂದಿದೆ, ಎಡ್ವಿನ್ ಸ್ಮಿತ್ ಪಪೈರಸ್ ಎನ್ನುತ್ತಾರೆ. ಅದರಲ್ಲಿ ಗಾಯಕ್ಕೆ ಕೊಬ್ಬು, ಜೇನು ಮತ್ತು ನಾರು ಕಟ್ಟುವ ಮಾತು ಮತ್ತೆ ಮತ್ತೆ ಬರುತ್ತದೆ. ಸುಶ್ರುತ ಜೇನು ಮತ್ತು ತುಪ್ಪ ಎರಡನ್ನೂ ಗಾಯಕ್ಕೆ ಹೇಳುತ್ತಾನೆ. ಅಷ್ಟು ದೂರದೂರದ ಜನರಿಗೆ ಒಂದೇ ವಸ್ತು ಕೈಗೆ ಹತ್ತಿತು ಅಂದರೆ ಅದರಲ್ಲಿ ಏನೋ ಇರಲೇಬೇಕು. ಏನಿದೆ ಅಂತ ನೋಡೋಣ. ನನಗೆ ಬಹಳ ಇಷ್ಟವಾದ ಭಾಗ ಇದೇ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಹೂವಿನ ಮಕರಂದ ನೀರುನೀರಾಗಿರುತ್ತದೆ. ಜೇನುಹುಳ ಅದನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ತರುತ್ತದೆ. ಗೂಡಿನಲ್ಲಿ ಒಂದರ ಬಾಯಿಂದ ಇನ್ನೊಂದರ ಬಾಯಿಗೆ ದಾಟಿಸುತ್ತವೆ. ಹಾಗೆ ದಾಟಿಸುವಾಗ ಹುಳದ ತಲೆಯಲ್ಲಿರುವ ಗ್ರಂಥಿಯಿಂದ ಒಂದು ಕಿಣ್ವ ಅದಕ್ಕೆ ಸೇರುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಅಂತ ಅದರ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಹುಳ ಸೇರಿಸಿದ ಕಿಣ್ವ ಒಂದಿದೆ ಅನ್ನುವುದು ನೆನಪಿರಲಿ, ಅದರ ಕೆಲಸ ಆಮೇಲೆ ಹೇಳುತ್ತೇನೆ. ನಂತರ ಹುಳಗಳು ರೆಕ್ಕೆ ಬೀಸಿ ಬೀಸಿ ನೀರು ಆರಿಸುತ್ತವೆ. ನೀರು ನೂರಕ್ಕೆ 20 ಭಾಗಕ್ಕಿಂತ ಕಡಿಮೆಯಾದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಉಳಿದ ನೂರಕ್ಕೆ 80ರಷ್ಟು ಬರೀ ಸಕ್ಕರೆ.

ಅಷ್ಟು ಗಟ್ಟಿ ಸಕ್ಕರೆ ಇದ್ದರೆ ಏನಾಗುತ್ತದೆ? ಉಪ್ಪಿನಕಾಯಿ ಹಾಕುವಾಗ ಮಾವಿನ ಹೋಳಿಗೆ ಉಪ್ಪು ಬೆರೆಸಿ ಇಡ್ತೀರಿ. ಬೆಳಗಾಗುವಷ್ಟರಲ್ಲಿ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆ ಎಳೆದಿರುತ್ತದೆ. ಜೇನೂ ಹಾಗೇ ಎಳೆಯುತ್ತದೆ. ಗಾಯದಲ್ಲಿರುವ ಬ್ಯಾಕ್ಟೀರಿಯಾದೊಳಗಿನ ನೀರನ್ನು ಎಳೆದು ಅದನ್ನು ಒಣಗಿಸುತ್ತದೆ. ಗಾಯದ ಕೆಳಗಿನಿಂದಲೂ ರಸಿಗೆ ಎಳೆಯುತ್ತದೆ. ಆ ರಸಿಗೆ ಗಾಯವನ್ನು ಒಳಗಿನಿಂದಲೇ ತೊಳೆಯುತ್ತಾ ಬರುತ್ತದೆ. ಗಾಯಕ್ಕೆ ಅಂಟಿದ ಹಳದಿ ಪೊರೆ ನೆನೆದು ಮೆತ್ತಗಾಗಿ ತಾನಾಗಿ ಬಿಡುತ್ತದೆ. ಮುಂಚೆ ನಾವು ಅದನ್ನು ಚಿಮಟದಿಂದ ಕಿತ್ತು ತೆಗೆಯುತ್ತಿದ್ದೆವು, ರೋಗಿ ಮಂಚದ ಸರಳು ಹಿಡಿದು ಹಲ್ಲು ಕಚ್ಚುತ್ತಿದ್ದರು.

ಎರಡನೆಯದು ಹುಳಿ. ತಿಂದರೆ ಸಿಹಿ, ಆದರೆ ಜೇನು ಹುಳಿ ವಸ್ತು. ಪಿಎಚ್ ಅಳತೆಯಲ್ಲಿ 3.2ರಿಂದ 4.5ರ ಆಸುಪಾಸು ಬರುತ್ತದೆ, ಹುಳಿ ಮೊಸರಿನ ಹತ್ತಿರದ್ದು. ಬಹಳಷ್ಟು ರೋಗಾಣುಗಳಿಗೆ ಆ ಹುಳಿಯಲ್ಲಿ ಬೆಳೆಯಲು ಆಗುವುದಿಲ್ಲ. ನನ್ನ ಕೈ ಚುರುಚುರು ಅಂದದ್ದೂ ಈ ಹುಳಿಯಿಂದಲೇ.

ಮೂರನೆಯದು ಆ ಕಿಣ್ವದ ಕೆಲಸ. ಗಟ್ಟಿ ಜೇನಿನಲ್ಲಿ ಅದು ಸುಮ್ನೆ ಮಲಗಿರುತ್ತದೆ. ಗಾಯದ ನೀರು ತಾಗಿ ಜೇನು ತೆಳುವಾದ ಕೂಡಲೇ ಎದ್ದು ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಲು ಶುರು ಮಾಡುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಜೋನಾಥನ್ ವೈಟ್ ಮತ್ತು ಅವರ ಜೊತೆಯವರು ಇದನ್ನು ಗುರುತಿಸಿದರು. ಹೈಡ್ರೋಜನ್ ಪೆರಾಕ್ಸೈಡ್ ನಿಮಗೆ ಗೊತ್ತಿರುವುದೇ, ಗಾಯಕ್ಕೆ ಸುರಿದರೆ ಬುಸ್ ಅಂತ ನೊರೆ ಬರುತ್ತದಲ್ಲ, ಅದು. ಆ ಬಾಟಲಿಯ 3 ಪರ್ಸೆಂಟ್ ದ್ರಾವಣ ರೋಗಾಣುವಿನ ಜೊತೆ ಹೊಸ ಮಾಂಸವನ್ನೂ ಸುಡುತ್ತದೆ. ಜೇನಿನಲ್ಲಿ ಹುಟ್ಟುವುದು ಅದಕ್ಕಿಂತ ಸುಮಾರು ಸಾವಿರ ಪಟ್ಟು ಕಡಿಮೆ, ಆದರೆ ಗಂಟೆಗಟ್ಟಲೆ ಹುಟ್ಟುತ್ತಲೇ ಇರುತ್ತದೆ. ಕಾಲುವೆ ಒಡೆದು ಹೊಲ ಮುಳುಗಿಸುವುದಕ್ಕೂ ಹನಿ ನೀರಾವರಿಗೂ ಇರುವ ವ್ಯತ್ಯಾಸ ಇದು.

ನ್ಯೂಜಿಲೆಂಡಿನ ಮನುಕಾ ಜೇನಿನ ಹೆಸರು ಕೆಲವರು ಕೇಳಿರಬಹುದು. ಮನುಕಾ ಅಂದರೆ ಅಲ್ಲಿಯ ಒಂದು ಗಿಡ. ಅದರ ಹೂವಿನ ಜೇನಿನಲ್ಲಿ ಪೆರಾಕ್ಸೈಡ್ ತೆಗೆದುಹಾಕಿದರೂ ರೋಗಾಣು ಕೊಲ್ಲುವ ಶಕ್ತಿ ಉಳಿಯುತ್ತದೆ ಎಂದು ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ತೋರಿಸಿದರು. ಅದಕ್ಕೆ ಕಾರಣ ಮಿಥೈಲ್‌ಗ್ಲೈಆಕ್ಸಾಲ್ ಎಂಬ ವಸ್ತು ಎಂದು 2008ರಲ್ಲಿ ಪ್ರಕಟವಾಯಿತು. ಗಾಯದ ರಸಿಗೆಯಲ್ಲಿ ಪೆರಾಕ್ಸೈಡನ್ನು ಒಡೆಯುವ ಕಿಣ್ವ ಇರುತ್ತದೆ, ಹಾಗಾಗಿ ಈ ಇನ್ನೊಂದು ಶಕ್ತಿಗೆ ಬೆಲೆ. ಮಾರುಕಟ್ಟೆಯ ಬಹಳಷ್ಟು ಜೇನು ಡ್ರೆಸ್ಸಿಂಗ್ ಮನುಕಾದ್ದೇ.

ವಾಸನೆಯ ಬಗ್ಗೆಯೂ ಹೇಳಬೇಕು. ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು, ಆದರೆ ರೋಗಿಗೆ ಇದು ದೊಡ್ಡ ಸಂಗತಿ. ಕೊಳೆತ ಗಾಯವಿರುವ ಮನುಷ್ಯನ ಹತ್ತಿರ ಮೊಮ್ಮಕ್ಕಳು ಬರುವುದಿಲ್ಲ. ಪಡಸಾಲೆಯಲ್ಲಿ ಹಾಸಿಗೆ ಹಾಕಿದ್ದವರನ್ನು ಹಿತ್ತಲ ಕೋಣೆಗೆ ಹಾಕುತ್ತಾರೆ. ನಾನು ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಜೇನು ಹಾಕಿದರೆ ಬ್ಯಾಕ್ಟೀರಿಯಾ ಸತ್ತ ಮಾಂಸ ಬಿಟ್ಟು ಸಕ್ಕರೆ ತಿನ್ನಲು ಶುರು ಮಾಡುತ್ತವೆ, ಆಗ ಆ ಕೆಟ್ಟ ವಾಸನೆಯ ಗಾಳಿ ಹುಟ್ಟುವುದಿಲ್ಲ. ಎರಡು ಮೂರು ದಿನಕ್ಕೇ ಗೊತ್ತಾಗುತ್ತದೆ. ಗಾಯ ಮಾಯಲು ಇನ್ನೂ ತಿಂಗಳಿರುತ್ತದೆ, ಆದರೆ ಆ ಮನುಷ್ಯ ಮತ್ತೆ ಎಲ್ಲರ ಜೊತೆ ಊಟಕ್ಕೆ ಕೂರುತ್ತಾನೆ.

ಇಷ್ಟೆಲ್ಲ ಇದ್ದ ಮೇಲೆ ಮನೆಯ ಬಾಟಲಿ ಯಾಕೆ ಬೇಡ?

ಮೊದಲ ಕಾರಣ, ಬಾಟಲಿಯಲ್ಲಿ ಜೇನು ಇದೆಯೋ ಇಲ್ಲವೋ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 13 ಬ್ರ್ಯಾಂಡಿನ ಜೇನು ಪರೀಕ್ಷೆಗೆ ಕಳಿಸಿ, 2020ರ ಡಿಸೆಂಬರಿನಲ್ಲಿ ಅದರ ಫಲ ಪ್ರಕಟಿಸಿದರು. ಜರ್ಮನಿಯಲ್ಲಿ ಮಾಡಿಸಿದ, ಕಲಬೆರಕೆ ಹಿಡಿಯುವ ಎನ್‌ಎಂಆರ್ ಪರೀಕ್ಷೆಯಲ್ಲಿ ಪಾಸಾದದ್ದು 3 ಮಾತ್ರ. ಸಕ್ಕರೆ ಪಾಕ ಬೆರೆಸುವವರು ಈಗ ಬಹಳ ಜಾಣರಾಗಿದ್ದಾರೆ. ನೀರಿನ ಲೋಟದಲ್ಲಿ ಹನಿ ಬಿಡುವುದು, ಕಡ್ಡಿಗೆ ಹಚ್ಚಿ ಗೀರುವುದು, ನಾಯಿ ಮೂಸುತ್ತದಾ ನೋಡುವುದು, ಇವುಗಳಲ್ಲಿ ಯಾವುದರಿಂದಲೂ ಅದು ಸಿಕ್ಕಿಬೀಳುವುದಿಲ್ಲ. ಇನ್ನು ಕೆಲವರು ಬಾಗಿಲಿಗೇ ಬರುತ್ತಾರೆ, "ಕಪ್ಪತಗುಡ್ಡದ ಜೇನ್ರಿ, ಈಗ ಇಳಿಸೇವ್ರಿ" ಅಂತ. ನಿಜವೇ ಇರಬಹುದು. ಗುಡ್ಡದಲ್ಲಿ ಜೇನಿಗೇನು ಕೊರತೆ. ಆದರೆ ಬಕೆಟ್ಟಿನ ಮೇಲೆ ಹುಟ್ಟಿನ ತುಂಡು ತೇಲಿಸಿದ ಮಾತ್ರಕ್ಕೆ ಕೆಳಗಿನದ್ದು ಜೇನು ಆಗಲಿಕ್ಕಿಲ್ಲ.

ಇನ್ನೊಂದು ಕಾರಣ ಬಿಸಿ. ಅಂಗಡಿಯ ಜೇನು ಗಟ್ಟಿಯಾಗಬಾರದು, ಹುಳಿಯಬಾರದು ಎಂದು ಕಾಯಿಸಿರುತ್ತಾರೆ. ತಿನ್ನಲು ತೊಂದರೆಯಿಲ್ಲ. ಆದರೆ ಹುಳ ಕೊಟ್ಟ ಕಿಣ್ವ ಬಿಸಿ ತಡೆಯುವುದಿಲ್ಲ. ಹೆಚ್ಚು ಕಾಯಿಸಿದ ಜೇನಿನಲ್ಲಿ ಸಿಹಿ ಉಳಿದಿರುತ್ತದೆ, ಪೆರಾಕ್ಸೈಡ್ ಹುಟ್ಟಿಸುವ ಕಸುವು ಹೋಗಿರುತ್ತದೆ.

ಹಾಗಾದರೆ ಕಾಯಿಸದ, ಅಸಲಿ ಜೇನೇ ಸಿಕ್ಕರೆ? ನಮ್ಮ ಧಾರವಾಡ ಕೃಷಿ ಮೇಳಕ್ಕೆ ಹೋದವರು ಜೇನುಪೆಟ್ಟಿಗೆ ನೋಡಿರುತ್ತೀರಿ. ತಾವೇ ತುಡುವೆ ಜೇನು ಸಾಕಿದವರೂ ಇಲ್ಲಿ ಇರಬಹುದು. ನಿಮ್ಮ ಜೇನು ಅಪ್ಪಟ ಇರುತ್ತದೆ, ಒಪ್ಪುತ್ತೇನೆ. ಆದರೂ ಅದರಲ್ಲಿ ಮಣ್ಣು, ಧೂಳಿನಿಂದ ಬಂದ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಜೇನಿನಲ್ಲಿ ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಅದರಲ್ಲೊಂದು. ಕುದಿಸಿದರೂ ಅವು ಜಗ್ಗುವುದಿಲ್ಲ, ಕುದಿಸುವಾಗ ಕಿಣ್ವ ಮಾತ್ರ ಹೋಗುತ್ತದೆ. ವೈದ್ಯಕೀಯ ದರ್ಜೆಯ ಜೇನನ್ನು ಗಾಮಾ ಕಿರಣದಿಂದ ಶುದ್ಧ ಮಾಡುತ್ತಾರೆ, ಸಾಮಾನ್ಯವಾಗಿ 25 ಕಿಲೋಗ್ರೇ ಪ್ರಮಾಣದಲ್ಲಿ. ಪ್ಯಾಕೆಟ್ಟಿನಲ್ಲಿ ಬರುವ ಎಷ್ಟೋ ಸಿರಿಂಜುಗಳನ್ನು ಶುದ್ಧ ಮಾಡುವುದೂ ಇದೇ ರೀತಿ. ಬೀಜಕಣ ಸಾಯುತ್ತವೆ, ಜೇನಿನ ಶಕ್ತಿ ಉಳಿಯುತ್ತದೆ. ಕೀಟನಾಶಕದ ಉಳಿಕೆ ಇದೆಯಾ, ಪ್ರತಿ ಬ್ಯಾಚಿನ ಜೇನಿನ ಶಕ್ತಿ ಎಷ್ಟು, ಅದನ್ನೂ ಪರೀಕ್ಷಿಸುತ್ತಾರೆ. ಸೂರ್ಯಕಾಂತಿ ಹೂ ಬಿಟ್ಟಾಗಲೇ ಔಷಧ ಹೊಡೆಯುವ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಹೂವಿನ ಹೊತ್ತಿನಲ್ಲಿ ಹೊಡೆಯಬೇಡಿ, ಹುಳವೂ ಸಾಯುತ್ತದೆ, ಕಾಳೂ ಕಟ್ಟುವುದಿಲ್ಲ.

ಬೀಜಕಣದ ಮಾತು ಬಂದಿದ್ದರಿಂದ ಇಲ್ಲೇ ಇನ್ನೊಂದು ಮಾತು. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬಿಡಿ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಆ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡಬಲ್ಲದು. ಕೂಸು ಮೊಲೆ ಚೀಪುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬಾಣಂತನ ಮಾಡುವ ತಾಯಂದಿರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಹೇಳಿದೆ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವುದು ನನಗೆ ಸುಲಭವಲ್ಲ.

ಬಹಳ ವರ್ಷದ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ರೈತರೊಬ್ಬರು ಬಂದರು. ಐವತ್ತೈದರ ಮನುಷ್ಯ. ಎರಿ ಹೊಲದಲ್ಲಿ ಬರಿಗಾಲಲ್ಲಿ ತಿರುಗಿದವರು. ಶುಗರ್ ಇತ್ತು, ಗುಳಿಗೆ ನೆನಪಾದಾಗ ನುಂಗುತ್ತಿದ್ದರು. ಬಲಗಾಲ ಹೆಬ್ಬೆರಳಿನ ಕೆಳಗೆ ಎಂಟಾಣೆ ನಾಣ್ಯದಷ್ಟು ಹುಣ್ಣು. ಜೇನು ಡ್ರೆಸ್ಸಿಂಗ್ ನಮಗೆ ಆಗ ಹೊಸದು. ಎರಡು ದಿನಕ್ಕೊಮ್ಮೆ ಬಂದರು, ನಾನು ತೊಳೆದು ಜೇನು ಹಾಕಿ ಕಟ್ಟಿದೆ. ವಾರದಲ್ಲಿ ವಾಸನೆ ಹೋಯಿತು. ಹಳದಿ ಪೊರೆ ಬಿಟ್ಟಿತು. ಕೆಳಗೆ ದಾಳಿಂಬೆ ಕಾಳಿನ ಹಾಗೆ ಕೆಂಪು ಮಾಂಸ ಕಾಣಿಸಿತು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಪಕ್ಕದ ವಾರ್ಡಿನ ಹುಡುಗಿಯರನ್ನು ಕರೆದು ತೋರಿಸಿದೆ. ಆ ರೈತರಿಗೂ ಸಂತೋಷ. "ನೋವ ಇಲ್ರಿ ಅಕ್ಕಾರ" ಅಂದರು.

ನೋವು ಮೊದಲೂ ಇರಲಿಲ್ಲ. ನನಗೆ ಹೊಳೆಯಬೇಕಿದ್ದದ್ದು ಅದೇ. ಶುಗರಿನಿಂದ ಕಾಲಿನ ನರ ಸತ್ತಿದ್ದವು. ಆ ಕೆಂಪು ಮಾಂಸದ ನಡುವೆ ಸೂಜಿಮೊನೆಯಷ್ಟು ತೂತು ಉಳಿದಿತ್ತು, ಒತ್ತಿದರೆ ಒಂದು ಹನಿ ರಸಿಗೆ ಬರುತ್ತಿತ್ತು. ಸಲಾಕೆ ಹಾಕಿ ನೋಡಬೇಕಿತ್ತು. ಎಲುಬಿಗೆ ಟಕ್ ಅಂತ ತಾಗಿದರೆ ಸೋಂಕು ಎಲುಬಿಗೆ ಹೋಗಿದೆ ಅಂತ ಅನುಮಾನಿಸಬೇಕು. ನಾನು ನೋಡಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಮೇಲಿನಿಂದ ಅಷ್ಟು ಚೆಂದ ಕಾಣುತ್ತಿತ್ತು. ಐದನೆಯ ವಾರ ಪಾದ ಊದಿ ಜ್ವರ ಬಂತು. ಎಕ್ಸ್‌ರೇಯಲ್ಲಿ ಎಲುಬು ಇರುವೆ ಮುಕ್ಕಿದ ಹಾಗೆ ಕಂಡಿತು. ಹೆಬ್ಬೆರಳು ತೆಗೆದರು.

ಅವರು ನನ್ನನ್ನು ಬೈಯಲಿಲ್ಲ. ಹೊಲದ ಹೆಸರುಕಾಳು ತಂದುಕೊಟ್ಟರು. ಅದನ್ನು ಮನೆಗೆ ತಂದು ಡಬ್ಬಿಗೆ ಹಾಕಿಟ್ಟೆ, ಬೇಯಿಸಲು ಕೈ ಬರಲಿಲ್ಲ.

ಅವತ್ತಿನಿಂದ ಶುಗರಿನ ಯಾವ ಕಾಲು ಬಂದರೂ ನಾನು ಡ್ರೆಸ್ಸಿಂಗ್ ಟ್ರೇ ಮುಟ್ಟುವ ಮೊದಲು ಕಾಲನ್ನೇ ನೋಡುತ್ತೇನೆ. ಪಾದದ ಮೇಲೆ ಬೆರಳಿಟ್ಟು ನಾಡಿ ಸಿಗುತ್ತದಾ? ಸಿಗದಿದ್ದರೆ ರಕ್ತ ಬರುತ್ತಿಲ್ಲ, ರಕ್ತವಿಲ್ಲದ ಕಾಲಿಗೆ ಯಾವ ಜೇನು ಹಾಕಿದರೂ ಗಾಯ ಮಾಯುವುದಿಲ್ಲ. ನೈಲಾನ್ ಎಳೆ ಒತ್ತಿದರೆ ಗೊತ್ತಾಗುತ್ತದಾ? ಅದು 10 ಗ್ರಾಂ ಭಾರಕ್ಕೆ ಬಾಗುವ ಎಳೆ, ಕಣ್ಣು ಮುಚ್ಚಿಸಿ ಮುಟ್ಟಿಸುತ್ತೇವೆ. ಗಾಯದ ತಳ ಎಲ್ಲಿದೆ? ಸುತ್ತ ಆಣಿ ಕಟ್ಟಿದೆಯಾ? ಆಣಿ ಕೆತ್ತಿ ತೆಗೆಯಬೇಕು. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಚಪ್ಪಲಿ ಮಾಡಿಸಬೇಕು. ಭಾರ ಬೀಳುತ್ತಲೇ ಇದ್ದರೆ ನಾನು ಬೆಳಿಗ್ಗೆ ಕಟ್ಟಿದ್ದನ್ನು ಅವರು ಬಸ್ ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಅರೆದುಹಾಕಿರುತ್ತಾರೆ.

ಸಂಶೋಧನೆಗಳು ಏನು ಹೇಳುತ್ತವೆ ಅಂತ ಓದಿದವರು ಕೇಳುತ್ತಾರೆ, ಕೇಳಲೇಬೇಕು. ಇಲ್ಲಿಂದ ರೈಲು ಹತ್ತಿದರೆ ಬಾಗಲಕೋಟೆ, ವಿಜಯಪುರ ದಾಟಿ ಸೊಲ್ಲಾಪುರ. ಅಲ್ಲಿ ಕೆಲಸ ಮಾಡಿದ ಡಾಕ್ಟರ್ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯಕ್ಕೆ ಜೇನು ಹಾಕಿ ನೋಡಿದ ಫಲ 1991ರಲ್ಲಿ ಇಂಗ್ಲೆಂಡಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಬಂತು. ಒಟ್ಟು 104 ಜನ. ಅರ್ಧ ಜನಕ್ಕೆ ಜೇನು, ಅರ್ಧ ಜನಕ್ಕೆ ಆಗ ಎಲ್ಲ ಕಡೆ ಹಚ್ಚುತ್ತಿದ್ದ ಬಿಳಿ ಮುಲಾಮು, ಸಿಲ್ವರ್ ಸಲ್ಫಾಡಯಜಿನ್. 15 ದಿನದಲ್ಲಿ ಜೇನಿನ ಗುಂಪಿನಲ್ಲಿ ನೂರಕ್ಕೆ 87 ಗಾಯ ಮಾದಿದ್ದವು, ಮುಲಾಮಿನ ಗುಂಪಿನಲ್ಲಿ ನೂರಕ್ಕೆ 10. ಓದಿದಾಗ ಮೈ ಜುಮ್ ಅಂದಿತ್ತು. ಆದರೆ ಒಬ್ಬರೇ ವೈದ್ಯರ ಲೆಕ್ಕ ಅದು, ಆ ಬಿಳಿ ಮುಲಾಮೇ ಗಾಯ ಮಾಯುವುದನ್ನು ತಡಮಾಡುತ್ತದೆ ಎಂದು ಈಗ ತಿಳಿದಿದೆ. ಅದೇ ಡಾಕ್ಟರು 1999ರಲ್ಲಿ ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಮಧ್ಯಮ ಪ್ರಮಾಣದ ಸುಟ್ಟಗಾಯಕ್ಕೆ, ಸುಟ್ಟ ಚರ್ಮವನ್ನು ಬೇಗನೆ ತೆಗೆದು ಹೊಸ ಚರ್ಮ ಕೂರಿಸುವುದೇ ಜೇನಿಗಿಂತ ಮೇಲು ಎಂದು ಬರೆದರು. ತಾನು ನಂಬಿದ ಔಷಧಿ ಎಲ್ಲಿ ಸೋಲುತ್ತದೆ ಎಂದು ತಾನೇ ಅಳೆದು ಹೇಳಿದ ಆ ಮನುಷ್ಯರ ಮೇಲೆ ನನಗೆ ಬಹಳ ಗೌರವ.

2015ರಲ್ಲಿ ಕಾಕ್ರೇನ್ ಎಂಬ ಸಂಸ್ಥೆಯವರು 26 ಪರೀಕ್ಷೆಗಳನ್ನು, 3011 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಮೇಲ್ಪದರದ ಸುಟ್ಟಗಾಯ ಜೇನಿನಿಂದ ಸಾಮಾನ್ಯ ಡ್ರೆಸ್ಸಿಂಗಿಗಿಂತ ನಾಲ್ಕೈದು ದಿನ ಬೇಗ ಮಾಯುತ್ತದೆ. ಆಪರೇಶನ್ ಆದ ಮೇಲೆ ಕೀವು ತುಂಬಿದ ಗಾಯಕ್ಕೂ ಒಳ್ಳೆಯದು. ಶುಗರಿನ ಕಾಲಿಗೆ ಖಚಿತವಾಗಿ ಹೇಳುವಷ್ಟು ಪುರಾವೆ ಸಿಗಲಿಲ್ಲ. ನಿಂತೇ ಕೆಲಸ ಮಾಡುವವರಿಗೆ, ಹೋಟೆಲಿನ ಭಟ್ಟರಿಗೆ, ಕಂಡಕ್ಟರಿಗೆ, ಕಾಲಿನ ರಕ್ತನಾಳ ಉಬ್ಬಿ ಪಾದದ ಗಂಟಿನ ಹತ್ತಿರ ಹುಣ್ಣಾಗುತ್ತದಲ್ಲ, ಅದಕ್ಕೆ ದೊಡ್ಡ ಲಾಭವೇನೂ ಕಾಣಲಿಲ್ಲ. ಮನುಕಾದ ತವರು ನ್ಯೂಜಿಲೆಂಡಿನಲ್ಲೇ ಇಂಥ ಹುಣ್ಣಿದ್ದ 368 ಜನರ ಮೇಲೆ ನಡೆದ ಪರೀಕ್ಷೆ 2008ರಲ್ಲಿ ಬಂತು. 12 ವಾರದಲ್ಲಿ ಜೇನಿನವರಲ್ಲಿ ನೂರಕ್ಕೆ ಸುಮಾರು 56, ಉಳಿದವರಲ್ಲಿ ಸುಮಾರು 50 ಜನಕ್ಕೆ ಮಾಯಿತು. ಜೇನಿನಿಂದಲೇ ಎನ್ನುವಷ್ಟು ದೊಡ್ಡ ವ್ಯತ್ಯಾಸ ಅಲ್ಲ ಅದು, ನೋವು ಮಾತ್ರ ಜೇನಿನವರಿಗೆ ಜಾಸ್ತಿ. ಎರಡೂ ಗುಂಪಿಗೆ ಬಿಗಿ ಪಟ್ಟಿ ಸುತ್ತಿದ್ದರು. ಅಂಥ ಹುಣ್ಣಿಗೆ ಮುಖ್ಯ ಔಷಧಿ ಆ ಬಿಗಿ ಪಟ್ಟಿ. ಆದರೆ ಕಾಲಿನ ನಾಡಿ ನೋಡದೆ ಅದನ್ನೂ ಕಟ್ಟಬಾರದು.

ಹಾಕುವ ಕ್ರಮ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರಿಗಾದರೂ ಡಾಕ್ಟರ್ ಬರೆದುಕೊಟ್ಟರೆ ಬೇಕಾಗುತ್ತದೆ. ಗಾಯವನ್ನು ಸಲೈನ್ ನೀರಿನಲ್ಲಿ ತೊಳೆದು ಮೆಲ್ಲಗೆ ಒತ್ತಿ ಒರೆಸಬೇಕು. ಜೇನನ್ನು ಗಾಯದ ಮೇಲೆ ಸುರಿಯುವುದಕ್ಕಿಂತ ಗಾಜ್ ಬಟ್ಟೆಗೆ ಹಚ್ಚಿ ಇಡುವುದು ಸಲೀಸು, ಮೈ ಬಿಸಿಗೆ ಅದು ಕರಗಿ ಹರಿಯುತ್ತದೆ. ಜಾಳಿಗೆ ಬಟ್ಟೆಯದಾದರೆ ಗಾಯದ ಅಳತೆಗೆ ಕತ್ತರಿಸಿ ಇಟ್ಟರೆ ಸಾಕು. ಮೇಲೆ ನೀರು ಹೀರುವ ದಪ್ಪ ಪ್ಯಾಡ್ ಬೇಕೇ ಬೇಕು. ಮೊದಲ ಮೂರು ನಾಲ್ಕು ದಿನ ರಸಿಗೆ ಜಾಸ್ತಿ ಬರುತ್ತದೆ, ಮೊದಲೇ ಹೇಳಿದೆನಲ್ಲ, ಉಪ್ಪಿನಕಾಯಿ ಹಾಗೆ ಎಳೆಯುತ್ತದೆ. ಆಗ ದಿನಾ ಬದಲಿಸಬೇಕು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ. ಬದಲಿಸದೆ ಬಿಟ್ಟರೆ ಗಾಯದ ಅಂಚಿನ ಚರ್ಮ ನೆನೆದು ಬೆಳ್ಳಗಾಗುತ್ತದೆ, ಬಟ್ಟೆ ಒಗೆದ ಕೈ ಇರುತ್ತದಲ್ಲ ಹಾಗೆ. ಸ್ವಲ್ಪ ಹೊತ್ತು ಚುರುಚುರು ಅಂದರೆ ಹೆದರಬೇಡಿ, ಗಂಟೆಗಟ್ಟಲೆ ಉರಿದರೆ ತೆಗೆದು ತೊಳೆಯಿರಿ. ಜೇನುಹುಳ ಕಚ್ಚಿದಾಗ ಮೈಯೆಲ್ಲ ಊದಿ ಉಸಿರು ಕಟ್ಟಿದ್ದವರಿಗೆ ಇದು ಬೇಡ. ಕಪ್ಪಾಗಿ ಒಣಗಿದ ಬೆರಳಿಗೂ ಬೇಡ, ಅದನ್ನು ನೆನೆಸಬಾರದು.

ಈ ಡ್ರೆಸ್ಸಿಂಗ್ ತುಟ್ಟಿ, ಸುಳ್ಳು ಹೇಳುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕೀತು, ತಾಲೂಕಿನಲ್ಲಿ ತರಿಸಿಕೊಳ್ಳಬೇಕು. ಕೂಲಿ ಮಾಡುವ ಮನೆಗೆ ತಿಂಗಳುಗಟ್ಟಲೆ ಇದು ನಡೆಯುವ ಮಾತಲ್ಲ. ದಿನಾ ಸರಿಯಾಗಿ ತೊಳೆದು ಸಲೈನ್ ಗಾಜ್ ಹಾಕಿ, ಶುಗರ್ ಹಿಡಿತಕ್ಕೆ ತಂದು, ಕಾಲಿಗೆ ಭಾರ ತಪ್ಪಿಸಿದರೆ ಎಷ್ಟೋ ಗಾಯ ಮಾಯುತ್ತವೆ. ದುಡ್ಡು ಇಷ್ಟೇ ಇದೆ ಅಂದರೆ ನಾನು ಮೊದಲು ಚಪ್ಪಲಿಗೆ ಖರ್ಚು ಮಾಡಿ ಅನ್ನುತ್ತೇನೆ.

ಕೆಲವು ಪ್ರಶ್ನೆ ಬಂದವು, ಅವನ್ನೂ ಬರೆಯುತ್ತೇನೆ.

ಗಾಯಕ್ಕೆ ಜೇನು ಹಚ್ಚಿದರೆ ಶುಗರ್ ಏರುತ್ತದಾ ಎಂದು ಒಬ್ಬರು ಕೇಳಿದರು. ಸಣ್ಣ ಗಾಯದಿಂದ ರಕ್ತಕ್ಕೆ ಹೋಗುವುದು ಲೆಕ್ಕಕ್ಕೆ ಬರುವಷ್ಟಿಲ್ಲ. ದೊಡ್ಡ ಗಾಯವಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತಿರಿ, ಶುಗರ್ ಇದ್ದವರು ಹೇಗೂ ಮಾಡಿಸಲೇಬೇಕು.

ಬೈಕಿನ ಸೈಲೆನ್ಸರ್ ತಾಗಿದರೆ ಏನು ಮಾಡಬೇಕು ಎಂದು ಒಬ್ಬ ಹುಡುಗ ಕೇಳಿದ. 20 ನಿಮಿಷ ಹರಿಯುವ ನೀರಿನ ಕೆಳಗೆ ಹಿಡಿ, ಐಸ್ ಬೇಡ, ಪೇಸ್ಟ್ ಬೇಡ, ಸುಣ್ಣ ಬೇಡ, ಕಾಫಿಪುಡಿ ಬೇಡ. ಗುಳ್ಳೆ ಒಡೆಯಬೇಡ. ಅಂಗೈಗಿಂತ ದೊಡ್ಡದಿದ್ದರೆ, ಮುಖಕ್ಕೆ ಅಥವಾ ಕೀಲಿನ ಮೇಲೆ ಆದರೆ, ಬೆಳ್ಳಗಾಗಿ ನೋವೇ ಇಲ್ಲದಿದ್ದರೆ ಅವತ್ತೇ ಆಸ್ಪತ್ರೆ. ಧನುರ್ವಾಯು ಇಂಜೆಕ್ಷನ್ ಆಗಿದೆಯಾ ಕೇಳಿಕೋ.

ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಒಬ್ಬ ಅಮ್ಮ ಬಂದು ಪಕ್ಕಕ್ಕೆ ಕರೆದರು. ಜೊತೆಗೆ ಯಜಮಾನರು. ಕೈಚೀಲದಲ್ಲಿ ಜೇನಿನ ಬಾಟಲಿ ಇತ್ತು, ನನಗೆ ತೋರಿಸಲೆಂದೇ ತಂದಿದ್ದರು. "ಇವರ ಕಾಲಾಗ ಆಣಿ ಆಗೈತ್ರಿ, ಇದನ್ನ ಹಚ್ಚಲೇನ್ರಿ?" ಅಂದರು. ಯಜಮಾನರು "ಏ, ನೋವಿಲ್ಲ ಬಿಡ" ಅಂದರು. ಆ ಮಾತು ಕೇಳಿ ನಾನು ಚಹಾ ಕೆಳಗಿಟ್ಟೆ. ಕುರ್ಚಿ ಮೇಲೆ ಕೂರಿಸಿ ಸಾಕ್ಸ್ ತೆಗೆಸಿದೆ. ಹೆಬ್ಬೆರಳಿನ ಬುಡದಲ್ಲಿ ದಪ್ಪ ಆಣಿ, ನಡುವೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ. ಒತ್ತಿದರೆ ಕೆಳಗೆ ಮೆತ್ತಗಿತ್ತು. ಪಾದದ ನಾಡಿ ಸಿಕ್ಕಿತು, ಅಷ್ಟು ಪುಣ್ಯ. ನಾಳೆ ಬೆಳಿಗ್ಗೆಯೇ ಸರ್ಜನ್ ಹತ್ತಿರ ಹೋಗಿ ಎಂದು ಚೀಟಿ ಬರೆದುಕೊಟ್ಟೆ, ಅಲ್ಲಿಯವರೆಗೆ ಆ ಕಾಲು ಊರಬೇಡಿ ಅಂದೆ. ಹುಡುಗನೊಬ್ಬ ಅವರನ್ನು ಬೈಕಿನಲ್ಲಿ ಮನೆಗೆ ಬಿಟ್ಟು ಬಂದ.

ಮರುದಿನ ಮಧ್ಯಾಹ್ನ ಆ ಅಮ್ಮ ಫೋನ್ ಮಾಡಿದರು. ಆಣಿ ಕೆತ್ತಿದಾಗ ಕೆಳಗೆ ಕೀವು ಇತ್ತಂತೆ, ಒಂದು ಚಮಚದಷ್ಟು. ಎಕ್ಸ್‌ರೇ ತೆಗೆದಿದ್ದಾರೆ, ಎಲುಬಿಗೆ ಹೋಗಿಲ್ಲ. ಗಾಯಕ್ಕೆ ಏನು ಹಾಕಿದರು ಅಂತ ಕೇಳಿದೆ.

"ಸಾದಾ ಗಾಜ್ ರೀ" ಅಂದರು. "ನಾಳೆ ಮತ್ತ ಬಿಚ್ಚಿ ನೋಡ್ತಾರಂತ."